ಅರ್ಧಾಯುಷ್ಯವೂ ನಿವೃತ್ತಿಯೂ

ಭದ್ರಾ ನಾಲೆಯ ನೀರಿನಿಂದ ಬತ್ತದ ಸೀಮೆಯಾಗಿ, ಅಕ್ಕಿಯ ಗಿರಣಿಗಳಿಂದ ಸುತ್ತಲಿನ ಜನಕ್ಕೆ ಪರಿಚಿತವಾಗಿ, ಹರಿಹರದಿಂದ ಶಿವಮೊಗ್ಗೆಗೆ ಸಾಗುವ ಹಾದಿಯಲ್ಲಿರುವ ಮಲೆಬೆನ್ನೂರಿನಂಥ ಊರುಗಳಿಂದ ವಿಜ್ಞಾನವನ್ನು ವ್ಯಾಸಂಗ ಮಾಡಲೆಂದು ಹೊರಡುವ ತರುಣ ತರುಣಿಯರ ಸಂಖ್ಯೆ ಈಗ ಸಣ್ಣದಲ್ಲ. ಅವರಲ್ಲಿ ಕೆಲವರು ತೋಳಹುಣಸೆಯ ಶಿವಗಂಗೋತ್ರಿಗೆ, ಅಂದರೆ 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಹುಟ್ಟಿ, ಮುಂದೆ ಕುವೆಂಪು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಬೆಳೆದು, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವೆಂಬ ಸ್ವತಂತ್ರ ಸಂಸ್ಥೆಯಾದ ಆವರಣಕ್ಕೆ ಹೋಗುತ್ತಾರೆ. ಕೆಲವರು ಶಂಕರಘಟ್ಟಕ್ಕೆ, ಕೊಣಾಜೆಗೆ, ಮಾನಸಗಂಗೋತ್ರಿಗೆ. ಇನ್ನು ಕೆಲವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ. ಮನೆಯವರು ವಿಚಾರಿಸುವುದು ವಸತಿಗೃಹವನ್ನು, ಊಟವನ್ನು, ಶುಲ್ಕವನ್ನು, ಮುಂದೆ ದೊರೆಯಬಹುದಾದ ಉದ್ಯೋಗವನ್ನು. ಪ್ರಯೋಗಶಾಲೆಯ ಮೂಲೆಯಲ್ಲಿರುವ ಸೀಸದ ಪಾತ್ರೆಯೊಳಗೆ ಏನಿದೆ, ಕತ್ತಲೆಯ ಕೋಣೆಯ ಮೇಜಿನ ಮೇಲೆ ಹಾಯುವ ಹಸಿರು ಕಿರಣ ಎಷ್ಟು ಬಲವುಳ್ಳದ್ದು, ಅವೆರಡಕ್ಕೂ ಹೊಣೆಗಾರರು ಯಾರು ಎಂದು ಕೇಳುವವರು ವಿರಳ. ಅವು ಕೇಳತಕ್ಕ ಪ್ರಶ್ನೆಗಳೆಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಭಯದ ಪ್ರಮಾಣವನ್ನು ಸರಿಯಾಗಿ ತಿಳಿಯುವುದು ಒಳ್ಳೆಯದು. ವಿಕಿರಣವೆಂಬುದು ಮನುಷ್ಯನು ಹೊಸದಾಗಿ ಸೃಷ್ಟಿಸಿದ ಪಿಡುಗಲ್ಲ. ಆಕಾಶದಿಂದ ಬೀಳುವ ವಿಶ್ವಕಿರಣಗಳು, ನೆಲದೊಳಗಿನ ಯುರೇನಿಯಂ ಥೋರಿಯಂ ಧಾತುಗಳು, ಮನೆಯೊಳಗೆ ನಿಲ್ಲುವ ರೇಡಾನ್ ಅನಿಲ, ನಾವು ಉಣ್ಣುವ ಅನ್ನದಲ್ಲಿಯೂ ನಮ್ಮ ಮೈಯಲ್ಲಿಯೂ ಇರುವ ಪೊಟ್ಯಾಸಿಯಂ, ಇವೆಲ್ಲವೂ ಸೇರಿ ಭೂಮಂಡಲದ ಸರಾಸರಿ ಮನುಷ್ಯನಿಗೆ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟಿನಷ್ಟು ವಿಕಿರಣವನ್ನು ಕೊಡುತ್ತಲೇ ಇರುತ್ತವೆ. ಭೌತಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಯು ಗೈಗರ್ ಗಣಕದ ಮುಂದೆ ಇಟ್ಟು ಎಣಿಕೆ ಮಾಡುವ ನಾಣ್ಯದಷ್ಟು ಸಣ್ಣ ಸೀಸಿಯಂ ಅಥವಾ ಕೋಬಾಲ್ಟಿನ ಬಿಲ್ಲೆ, ಕ್ರಮವರಿತು ಬಳಸಿದಲ್ಲಿ, ಇದಕ್ಕೆ ಗಮನಾರ್ಹವಾಗಿ ಏನನ್ನೂ ಕೂಡಿಸುವುದಿಲ್ಲ. ಆದಕಾರಣ ಪ್ರಯೋಗಶಾಲೆಯ ಬಾಗಿಲ ಮೇಲಿನ ಹಳದಿ ಫಲಕವನ್ನು ಕಂಡು ಹಿಮ್ಮೆಟ್ಟಬೇಕಾದ ಕಾರಣವಿಲ್ಲ. ಭಯಪಡಬೇಕಾದದ್ದು ಫಲಕವಿರುವ ಕೋಣೆಗಿಂತ ಫಲಕ ಕಳಚಿಹೋದ ಕೋಣೆಗೆ. ಈ ಮಾತನ್ನು ಅಲಂಕಾರಕ್ಕಾಗಿ ಆಡುತ್ತಿಲ್ಲ, ನಮ್ಮ ದೇಶದ ಒಂದು ಶ್ರೇಷ್ಠ ವಿಶ್ವವಿದ್ಯಾನಿಲಯದಲ್ಲಿ ನಡೆದ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಆಡುತ್ತಿದ್ದೇನೆ.

ದೆಹಲಿ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ವಿಭಾಗವು 1968ರಲ್ಲಿ ಕೆನಡಾ ದೇಶದಿಂದ ಒಂದು ಗಾಮಾ ಕೋಶವನ್ನು ತರಿಸಿಕೊಂಡಿತು. ದಪ್ಪ ಸೀಸದ ಕವಚದ ನಡುವೆ ಕೋಬಾಲ್ಟ್-60ರ ಕಡ್ಡಿಗಳನ್ನು ವರ್ತುಲಾಕಾರವಾಗಿ ನಿಲ್ಲಿಸಿ, ಪರೀಕ್ಷಿಸಬೇಕಾದ ವಸ್ತುವನ್ನು ಅವುಗಳ ಮಧ್ಯಕ್ಕೆ ಇಳಿಸಿ, ಗಾಮಾ ಕಿರಣಗಳು ರಾಸಾಯನಿಕ ಬಂಧಗಳ ಮೇಲೆ ಮಾಡುವ ಪರಿಣಾಮವನ್ನು ನೋಡುವ ಯಂತ್ರವದು. ಕಾಲಕ್ರಮದಲ್ಲಿ ಅದರ ಉಪಯೋಗ ಕಡಿಮೆಯಾಯಿತು. 1985ರ ತರುವಾಯ ಅದನ್ನು ಯಾರೂ ಬಳಸಲಿಲ್ಲ. ಬಳಸದ ಯಂತ್ರ ಕೋಣೆಯಲ್ಲಿ ಉಳಿಯಿತು, ಅದರ ಅರ್ಥ ಮಾತ್ರ ಅದನ್ನು ಬಲ್ಲವರ ಜೊತೆಯಲ್ಲಿಯೇ ಹೊರಟುಹೋಯಿತು. ಹೀಗೆ ಇಪ್ಪತ್ತೈದು ವರ್ಷ ಕಳೆದ ಮೇಲೆ, 2010ರ ಫೆಬ್ರವರಿಯಲ್ಲಿ, ಹಳೆಯ ಸಾಮಾನುಗಳನ್ನು ಹರಾಜು ಹಾಕುವಾಗ ಇದನ್ನೂ ಗುಜರಿಯ ಲೆಕ್ಕಕ್ಕೆ ಸೇರಿಸಿ ಮಾರಿದರು.

ಪಶ್ಚಿಮ ದೆಹಲಿಯ ಮಾಯಾಪುರಿಯು ಗುಜರಿ ವ್ಯಾಪಾರಕ್ಕೆ ಹೆಸರಾದ ಪೇಟೆ. ಅಲ್ಲಿಗೆ ಬಂದ ಯಂತ್ರವನ್ನು, ಒಳಗಿನ ಸೀಸಕ್ಕೂ ಲೋಹಕ್ಕೂ ಬೆಲೆ ಬರುತ್ತದೆಂಬ ಸಹಜವಾದ ಆಸೆಯಿಂದ, ಬರಿಗೈಯಲ್ಲಿ ಒಡೆದು ಬಿಡಿಬಿಡಿಯಾಗಿಸಿದರು. ಹೊಳೆಯುವ ಲೋಹದ ತುಂಡುಗಳು ಒಂದು ಅಂಗಡಿಯಿಂದ ಮತ್ತೊಂದಕ್ಕೆ ಕೈ ಬದಲಾಯಿಸಿದವು. ಒಬ್ಬನು ಅಂಥದೊಂದು ಚೂರನ್ನು ತನ್ನ ಹಣದ ಚೀಲದಲ್ಲಿಯೇ ಇಟ್ಟುಕೊಂಡಿದ್ದನು. ಏಪ್ರಿಲಿನ ಹೊತ್ತಿಗೆ ಕೆಲವರಿಗೆ ಚರ್ಮ ಕಪ್ಪಾಯಿತು, ಕೂದಲು ಉದುರಿತು, ವಾಂತಿಭೇದಿಗಳು ಕಾಣಿಸಿಕೊಂಡವು; ವೈದ್ಯರೊಬ್ಬರಿಗೆ ಸಂಶಯ ಬಂದು ಸುದ್ದಿ ಹೊರಬಿದ್ದ ಬಳಿಕ ಪರಮಾಣು ಶಕ್ತಿ ಇಲಾಖೆಯ ತಜ್ಞರು ಬಂದು, ಅಳೆಯುವ ಉಪಕರಣಗಳನ್ನು ಹಿಡಿದು ಅಂಗಡಿ ಅಂಗಡಿಗಳಲ್ಲಿ ಹುಡುಕಿ ಆ ಚೂರುಗಳನ್ನು ಸಂಗ್ರಹಿಸಿದರು. ಆ ತಿಂಗಳ 26ರಂದು ಗುಜರಿಯ ಕೆಲಸಗಾರರಲ್ಲೊಬ್ಬರು ತೀರಿಕೊಂಡರು. ಇನ್ನೂ ಹಲವರು ಬಹುಕಾಲ ಆಸ್ಪತ್ರೆಯಲ್ಲಿ ನರಳಿದರು. ಪರಮಾಣು ಅವಘಡಗಳನ್ನು ಏಳು ಮೆಟ್ಟಿಲುಗಳಲ್ಲಿ ಅಳೆಯುವ ಅಂತರರಾಷ್ಟ್ರೀಯ ಮಾಪಕದಲ್ಲಿ ಇದು ನಾಲ್ಕನೆಯ ಮೆಟ್ಟಿಲಿಗೆ ಏರಿತು. ಸತ್ತವರು ಯಾವ ವಿಶ್ವವಿದ್ಯಾನಿಲಯದ ಬಾಗಿಲನ್ನೂ ವಿದ್ಯಾರ್ಥಿಯಾಗಿ ಹೊಕ್ಕವರಲ್ಲ; ವಿದ್ಯೆಗಾಗಿ ತಂದ ವಸ್ತುವಿನಿಂದ, ವಿದ್ಯೆಯ ಫಲವನ್ನು ಎಂದೂ ಕಾಣದ ಒಬ್ಬ ಶ್ರಮಜೀವಿ ಪ್ರಾಣ ಬಿಡಬೇಕಾಯಿತೆಂಬುದು ಈ ಪ್ರಕರಣದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವ ಅಂಶ.

ಇಲ್ಲಿ ಒಂದು ಲೆಕ್ಕವನ್ನು ಓದುಗರ ಮುಂದಿಡಬೇಕು. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ, ಅಂದರೆ ಅಷ್ಟು ಕಾಲದಲ್ಲಿ ಅದರ ಬಲ ಅರ್ಧಕ್ಕೆ ಇಳಿಯುತ್ತದೆ, ಮತ್ತಷ್ಟು ಕಾಲದಲ್ಲಿ ಆ ಅರ್ಧದ ಅರ್ಧಕ್ಕೆ. 1968ರಿಂದ 2010ರವರೆಗಿನ ನಲವತ್ತೆರಡು ವರ್ಷಗಳೆಂದರೆ ಹೆಚ್ಚುಕಡಿಮೆ ಎಂಟು ಅರ್ಧಾಯುಷ್ಯಗಳು. ತಂದಾಗ ಇದ್ದ ಬಲದಲ್ಲಿ ಇನ್ನೂರೈವತ್ತಾರನೆಯ ಒಂದು ಪಾಲು ಮಾತ್ರ ಉಳಿದಿತ್ತೆಂದು ಇದರಿಂದ ತಿಳಿಯುತ್ತದೆ. ಆ ಉಳಿದ ಪಾಲೇ ಒಬ್ಬನನ್ನು ಕೊಂದಿತು. ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ. ಒಬ್ಬ ಅಧ್ಯಾಪಕನು ತರುಣನಾಗಿ ಕೆಲಸಕ್ಕೆ ಸೇರಿ ನಿವೃತ್ತನಾಗುವ ಹೊತ್ತಿಗೆ ಅವನು ತರಿಸಿದ ಸೀಸಿಯಂ ಅರ್ಧದಷ್ಟು ಮಾತ್ರ ಸವೆದಿರುತ್ತದೆ. ಅಮೆರಿಸಿಯಂ-241ಕ್ಕೆ 432 ವರ್ಷ, ರೇಡಿಯಂ-226ಕ್ಕೆ 1600 ವರ್ಷ. ಸಂಶೋಧನ ವಿದ್ಯಾರ್ಥಿಯ ಕಾಲಾವಧಿ ಐದಾರು ವರ್ಷ, ವಿಭಾಗಾಧ್ಯಕ್ಷರದು ಅದಕ್ಕಿಂತಲೂ ಕಡಿಮೆ, ಕುಲಪತಿಗಳದು ನಾಲ್ಕು ವರ್ಷ. ವಿಕಿರಣ ಸುರಕ್ಷತೆಯನ್ನು ಸಾಮಾನ್ಯವಾಗಿ ಸೀಸದ ದಪ್ಪದ ಪ್ರಶ್ನೆಯೆಂದು ಭಾವಿಸುತ್ತಾರೆ. ನನಗೆ ಅದು ಮುಖ್ಯವಾಗಿ ಸ್ಮರಣೆಯ ಪ್ರಶ್ನೆಯಾಗಿ ತೋರುತ್ತದೆ: ಮನುಷ್ಯರು ಬಂದುಹೋಗುವ ಸಂಸ್ಥೆಯೊಂದು, ತನ್ನಲ್ಲಿರುವ ವಸ್ತುವಿನ ಗುರುತನ್ನು ಆ ವಸ್ತುವಿನ ಆಯುಷ್ಯದಷ್ಟು ಕಾಲವೂ ಕಾಪಾಡಿಕೊಂಡು ಬರಬಲ್ಲದೇ ಎಂಬ ಪ್ರಶ್ನೆ.

ನಮ್ಮ ದೇಶದ ಶಾಸನವು ಈ ವಿಷಯದಲ್ಲಿ ಮೌನವಾಗಿಲ್ಲ. 1962ರ ಪರಮಾಣು ಶಕ್ತಿ ಅಧಿನಿಯಮದ ಅಡಿಯಲ್ಲಿ 2004ರಲ್ಲಿ ವಿಕಿರಣ ಸಂರಕ್ಷಣ ನಿಯಮಗಳು ರಚಿತವಾದವು. ಇಂಥ ನಿಯಮಗಳನ್ನು ಜಾರಿಯಲ್ಲಿಡಲು 1983ರ ನವೆಂಬರ್ 15ರಂದು ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಈ ವೃತ್ತಿಯವರೆಲ್ಲರೂ ಎಇಆರ್‌ಬಿ ಎಂದು ಕರೆಯುವ ಸಂಸ್ಥೆ, ಮುಂಬಯಿಯಲ್ಲಿದೆ. ವಿಕಿರಣದೊಡನೆ ಕೆಲಸ ಮಾಡುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲಿಯೂ 30ನ್ನು ಮೀರಕೂಡದು. ಸಾರ್ವಜನಿಕರಿಗೆ ವರ್ಷಕ್ಕೆ 1 ಮಾತ್ರ. ಈ ಮಿತಿಗಳು ಅಲ್ಲಿಯವರೆಗೆ ಧಾರಾಳವಾಗಿ ಸ್ವೀಕರಿಸಬಹುದೆಂಬ ಅನುಮತಿಗಳಲ್ಲ. ಸಾಧ್ಯವಾದಷ್ಟು ಕಡಿಮೆಗೆ ಇಳಿಸುವ ಪ್ರಯತ್ನವು ಮಿತಿಯೊಳಗೂ ನಡೆಯುತ್ತಿರಬೇಕೆಂಬುದು ಜಗತ್ತೆಲ್ಲ ಒಪ್ಪಿಕೊಂಡ ತತ್ತ್ವ.

ಲೆಕ್ಕವನ್ನು ಇಡುವ ಬಗೆಯೂ ಸೊಗಸಾದದ್ದು. ಎದೆಯ ಮೇಲೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜಿನೊಳಗೆ, ಡಿಸ್ಪ್ರೋಸಿಯಂ ಎಂಬ ಧಾತುವನ್ನು ಲೇಶಮಾತ್ರ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟಿನ ಮೂರು ಸಣ್ಣ ಬಿಲ್ಲೆಗಳಿರುತ್ತವೆ. ಮೇಲೆ ಬಿದ್ದ ವಿಕಿರಣದ ಶಕ್ತಿಯ ಒಂದಂಶವನ್ನು ಆ ಹರಳುಗಳು ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡಿದ್ದು, ಕಾಯಿಸಿದಾಗ ಅದನ್ನು ಬೆಳಕಿನ ರೂಪದಲ್ಲಿ ಬಿಟ್ಟುಕೊಡುತ್ತವೆ. ಬೆಳಕನ್ನು ಅಳೆದರೆ ಡೋಸ್ ಎಷ್ಟೆಂದು ತಿಳಿಯುತ್ತದೆ. ಸಾಧಾರಣವಾಗಿ ಮೂರು ತಿಂಗಳಿಗೊಮ್ಮೆ ಬ್ಯಾಡ್ಜನ್ನು ಓದಿಸಿ ದಾಖಲೆ ಮಾಡುತ್ತಾರೆ. ಬ್ಯಾಡ್ಜು ವಿಕಿರಣವನ್ನು ತಡೆಯುವುದಿಲ್ಲ, ನಡೆದುಹೋದದ್ದನ್ನು ಆಮೇಲೆ ತಿಳಿಸುತ್ತದೆ ಅಷ್ಟೆ. ಆ ಕ್ಷಣದಲ್ಲಿಯೇ ಎಚ್ಚರಿಸಬಲ್ಲದ್ದು ಕೈಯಲ್ಲಿ ಹಿಡಿಯುವ ಸರ್ವೇ ಮೀಟರು. ಆದರೆ ಅದರ ಬ್ಯಾಟರಿಯನ್ನು ನೋಡುವವರು, ಕಾಲಕಾಲಕ್ಕೆ ಅದನ್ನು ಪರಿಶೀಲನೆಗೆ ಕಳುಹಿಸುವವರು ಒಬ್ಬರಿರಬೇಕು. ಆ ಒಬ್ಬರೇ ಆರ್‌ಎಸ್‌ಒ, ವಿಕಿರಣ ಸುರಕ್ಷತಾಧಿಕಾರಿ. ತಕ್ಕ ತರಬೇತಿಯನ್ನು ಪಡೆದು ಮಂಡಳಿಯ ಅನುಮೋದನೆಯನ್ನು ಹೊಂದಿದವರು.

ರಕ್ಷಣೆಯ ಉಪಾಯಗಳು ಶಾಲೆಯ ಮಕ್ಕಳಿಗೂ ಅರ್ಥವಾಗುವಷ್ಟು ಸರಳ: ಹತ್ತಿರ ಇರುವ ಹೊತ್ತನ್ನು ಕಡಿಮೆ ಮಾಡು, ದೂರವನ್ನು ಹೆಚ್ಚಿಸು, ನಡುವೆ ತಡೆಯನ್ನಿಡು. ದೂರ ಇಮ್ಮಡಿಯಾದರೆ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ತಡೆಯ ವಿಷಯದಲ್ಲಿ ಮಾತ್ರ ಒಂದು ವಿಶೇಷವುಂಟು. ಗಾಮಾ ಕಿರಣಕ್ಕೆ ಸೀಸ ತಕ್ಕದ್ದು. ಆದರೆ ಜೀವವಿಜ್ಞಾನ, ಕೃಷಿವಿಜ್ಞಾನಗಳ ಪ್ರಯೋಗಶಾಲೆಗಳಲ್ಲಿ ಬಳಕೆಗೆ ಬಂದ ಫಾಸ್ಫರಸ್-32ರಂಥ ಬಲವಾದ ಬೀಟಾ ಆಕರದ ಮುಂದೆ ನೇರವಾಗಿ ಸೀಸವನ್ನಿಟ್ಟರೆ, ವೇಗವಾಗಿ ಬಂದ ಎಲೆಕ್ಟ್ರಾನುಗಳು ಆ ಭಾರವಾದ ಲೋಹದಲ್ಲಿ ಥಟ್ಟನೆ ತಡೆಯಲ್ಪಟ್ಟು ಎಕ್ಸ್-ಕಿರಣಗಳನ್ನು ಹುಟ್ಟಿಸುತ್ತವೆ. ಅದಕ್ಕೆ ಒಂದು ಸೆಂಟಿಮೀಟರ್ ದಪ್ಪದ ಅಕ್ರಿಲಿಕ್ ಹಲಗೆಯೇ ಸಾಕು, ಅದೇ ಮೇಲು. ಬತ್ತದ ಬೇರು ಗೊಬ್ಬರದೊಳಗಿನ ರಂಜಕವನ್ನು ಯಾವಾಗ, ಎಷ್ಟು ಹೀರಿಕೊಳ್ಳುತ್ತದೆಂಬುದನ್ನು ವಿಜ್ಞಾನಿಗಳು ಕಂಡುಕೊಂಡದ್ದು ಇದೇ ಫಾಸ್ಫರಸ್-32ರ ಜಾಡು ಹಿಡಿದು. ನಮ್ಮ ಸೀಮೆಯ ರೈತರು ಇಂದು ಕೇಳಿ ಪಾಲಿಸುವ ಗೊಬ್ಬರದ ಸಲಹೆಗಳ ಹಿಂದೆ ಅಂಥ ಅಧ್ಯಯನಗಳ ಪರಂಪರೆಯೂ ಇದೆ. ಅದರ ಅರ್ಧಾಯುಷ್ಯ 14.3 ದಿನ. ಉಳಿದ ತ್ಯಾಜ್ಯವನ್ನು ತಾರೀಖು ಬರೆದು ಬೀಗದೊಳಗೆ ಹತ್ತು ಅರ್ಧಾಯುಷ್ಯಗಳಷ್ಟು ಕಾಲ, ಅಂದರೆ ಸುಮಾರು ಐದು ತಿಂಗಳು ಇಟ್ಟರೆ ಸಾವಿರಕ್ಕೆ ಒಂದು ಪಾಲು ಉಳಿಯುತ್ತದೆ. ಇಲ್ಲಿ ಕಾಲವೇ ಮಿತ್ರ. ಆದರೆ ಬಾಟಲಿಯ ಮೇಲೆ ತಾರೀಖು ಬರೆದಿದ್ದರೆ ಮಾತ್ರ.

ನಮ್ಮ ರಾಜ್ಯದಲ್ಲಿಯೇ ಒಂದು ವಿಶ್ವವಿದ್ಯಾನಿಲಯವು ಈ ಶಾಸ್ತ್ರವನ್ನು ಗಂಭೀರವಾಗಿ ಕೈಗೊಂಡ ನಿದರ್ಶನವನ್ನು ನೋಡಬೇಕಾದರೆ ಕೊಣಾಜೆಯ ಮಂಗಳಗಂಗೋತ್ರಿಗೆ ಹೋಗಬೇಕು. ಅಲ್ಲಿನ ಮೈಕ್ರೋಟ್ರಾನ್ ಕೇಂದ್ರದಲ್ಲಿ 8 ಮಿಲಿಯನ್ ಎಲೆಕ್ಟ್ರಾನ್ ವೋಲ್ಟಿನವರೆಗೆ ಎಲೆಕ್ಟ್ರಾನುಗಳನ್ನು ಓಡಿಸುವ ಯಂತ್ರವಿದೆ. ಅದು ಮೂಡಿಬಂದದ್ದು, ತುಮಕೂರು ಸೀಮೆಯವರಾದ ರಾಜಾ ರಾಮಣ್ಣನವರ ಹೆಸರನ್ನು ಈಗ ಧರಿಸಿರುವ ಇಂದೋರಿನ ಕೇಂದ್ರದ ನೆರವಿನಿಂದ. ಇಂಥ ಯಂತ್ರಕ್ಕೂ ದೆಹಲಿಯ ಗಾಮಾ ಕೋಶಕ್ಕೂ ಇರುವ ಮೂಲಭೂತ ಭೇದವನ್ನು ಸಾಮಾನ್ಯ ಓದುಗರು ಅರಿತಿರಬೇಕು. ಕೋಬಾಲ್ಟಿಗೆ ಗುಂಡಿಯಿಲ್ಲ, ಅದು ಹಗಲೂ ರಾತ್ರಿಯೂ, ರಜೆಯಲ್ಲಿಯೂ ಮುಷ್ಕರದಲ್ಲಿಯೂ ಕಿರಣವನ್ನು ಸೂಸುತ್ತಲೇ ಇರುತ್ತದೆ. ವೇಗವರ್ಧಕದ ಕಿರಣಪುಂಜವಾದರೋ ವಿದ್ಯುತ್ತನ್ನು ಆರಿಸಿದೊಡನೆ ನಿಲ್ಲುತ್ತದೆ. ಹಳೆಯದಾದ ಯಂತ್ರವನ್ನು ಯಾರಾದರೂ ಒಡೆದರೂ ಮಾಯಾಪುರಿಯಂಥ ದುರಂತ ಸಂಭವಿಸಲಾರದು. ಆದರೆ ಓಡುತ್ತಿರುವಾಗ ಅದು ಸೂಸುವ ವಿಕಿರಣವು ಬಹು ತೀವ್ರವಾದದ್ದಾದಕಾರಣ, ಇಂಥ ಯಂತ್ರಗಳ ಸುತ್ತ ದಪ್ಪನೆಯ ಕಾಂಕ್ರೀಟ್ ಗೋಡೆಗಳೂ, ಬಾಗಿಲು ತೆರೆದೊಡನೆ ಯಂತ್ರವನ್ನು ನಿಲ್ಲಿಸುವ ಇಂಟರ್‌ಲಾಕುಗಳೂ, ಒಳಗೆ ಯಾರೂ ಉಳಿದಿಲ್ಲವೆಂದು ಮೂಲೆಮೂಲೆಯನ್ನು ನಡೆದು ನೋಡಿದ ಮೇಲೆಯೇ ಚಾಲನೆಗೆ ಅವಕಾಶ ಕೊಡುವ ಪದ್ಧತಿಯೂ ಇರತಕ್ಕದ್ದು. ನಮ್ಮ ಬಹುತೇಕ ವಿಶ್ವವಿದ್ಯಾನಿಲಯಗಳಲ್ಲಿ ಕಾಣಸಿಗುವ ಎಕ್ಸ್-ಕಿರಣ ವಿವರ್ತನ ಯಂತ್ರಕ್ಕೂ ಇದೇ ನ್ಯಾಯ ಸಲ್ಲುತ್ತದೆ: ಅದರ ಕಿರಣ ಸೂಜಿಯಂತೆ ಸಣ್ಣದಾದರೂ ಬೆರಳನ್ನು ಅಡ್ಡವಿಟ್ಟರೆ ಸುಡಬಲ್ಲದು, ಮತ್ತು ಮಾದರಿಯನ್ನು ಬೇಗ ಬದಲಾಯಿಸುವ ಆತುರದಿಂದ ಇಂಟರ್‌ಲಾಕನ್ನು ನಿಷ್ಕ್ರಿಯಗೊಳಿಸುವ ಅಭ್ಯಾಸದಷ್ಟು ಕೆಟ್ಟ ಅಭ್ಯಾಸ ಪ್ರಯೋಗಶಾಲೆಯಲ್ಲಿ ಮತ್ತೊಂದಿಲ್ಲ. ಕೈಗಾ ಅಣುಸ್ಥಾವರದಲ್ಲಿ 2000ದಲ್ಲಿ ವಾಣಿಜ್ಯ ವಿದ್ಯುದುತ್ಪಾದನೆ ತೊಡಗುವುದಕ್ಕೆ ಮುಂಚೆಯೇ ಅಲ್ಲಿನ ಮಣ್ಣು, ನೀರು, ಗಿಡಮರಗಳ ಸಹಜ ವಿಕಿರಣವನ್ನು ಅಳೆದಿಟ್ಟವರೂ ಮಂಗಳೂರು ವಿಶ್ವವಿದ್ಯಾನಿಲಯದವರೇ. ಮುಂದೆ ಏನಾದರೂ ಹೆಚ್ಚಿದೆಯೇ ಎಂದು ಕೇಳುವವರಿಗೆ ಮೊದಲು ಎಷ್ಟಿತ್ತೆಂಬ ದಾಖಲೆ ಇದೆ.

ಇನ್ನು ಲೇಸರಿನ ವಿಷಯಕ್ಕೆ ಬರೋಣ. ಸರ್ ಸಿ. ವಿ. ರಾಮನ್ನರು 1928ರಲ್ಲಿ ಕಲ್ಕತ್ತೆಯಲ್ಲಿ ತಮ್ಮ ಪರಿಣಾಮವನ್ನು ಕಂಡುಹಿಡಿದಾಗ ಅವರ ಬಳಿ ಇದ್ದದ್ದು ಸೂರ್ಯನ ಬೆಳಕು, ಪಾದರಸದ ದೀಪ. 1933ರಲ್ಲಿ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು, 1948ರಲ್ಲಿ ತಮ್ಮದೇ ಸಂಸ್ಥೆಯನ್ನು ಕಟ್ಟಿದರು. 1960ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಮೈಮನ್ ಎಂಬವರು ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಹೊಮ್ಮಿಸಿದ ಮೇಲೆ, ರಾಮನ್ನರ ಪರಿಣಾಮವನ್ನು ನೋಡುವ ಕೆಲಸ ಗಂಟೆಗಳಿಂದ ನಿಮಿಷಗಳಿಗೆ ಇಳಿಯಿತು. ಇಂದು ಔಷಧವನ್ನೋ ಖನಿಜವನ್ನೋ ಪರೀಕ್ಷಿಸುವ ಸಾಧಾರಣ ವಿಭಾಗದಲ್ಲಿಯೂ ರಾಮನ್ ಯಂತ್ರವುಂಟು, ಅದರೊಳಗೆ 532 ನ್ಯಾನೊಮೀಟರಿನ ಹಸಿರು ಲೇಸರುಂಟು. ಕನ್ನಡ ನಾಡಿನ ಪ್ರಯೋಗಶಾಲೆಗಳಲ್ಲಿ ವಿಕಿರಣಶೀಲ ವಸ್ತುಗಳಿಗಿಂತ ಲೇಸರುಗಳು ಹೆಚ್ಚೆಂದು ಹೇಳಲು ಯಾವ ಗಣತಿಯೂ ಬೇಕಾಗದು.

ಲೇಸರು ಜೀವಕೋಶದ ಅಣುಗಳನ್ನು ಕೋಬಾಲ್ಟಿನಂತೆ ಭೇದಿಸುವುದಿಲ್ಲ. ಅದರ ಗುರಿ ಮುಖ್ಯವಾಗಿ ಕಣ್ಣು. ಭೂತಗನ್ನಡಿಯು ಬಿಸಿಲನ್ನು ಒಂದು ಬಿಂದುವಿಗೆ ತಂದು ಕಾಗದವನ್ನು ಸುಡುವಂತೆ, ಕಣ್ಣಿನ ಮಸೂರವು ಸಮಾಂತರವಾಗಿ ಬಂದ ಕಿರಣವನ್ನು ಅಕ್ಷಿಪಟಲದ ಮೇಲೆ ಕೂಡಿಸಿ ಅದರ ತೀವ್ರತೆಯನ್ನು ಲಕ್ಷದಷ್ಟು ಮಡಿ ಹೆಚ್ಚಿಸಬಲ್ಲದು. ಕಣ್ಣುಮಿಟುಕಿಸುವ ಸಹಜಕ್ರಿಯೆಗೆ ಸೆಕೆಂಡಿನ ಕಾಲುಭಾಗ ಬೇಕು; ಒಂದು ಮಿಲಿವ್ಯಾಟ್‌ಗಿಂತ ಕಡಿಮೆಯಾದ ಎರಡನೆಯ ವರ್ಗದ ದೃಗ್ಗೋಚರ ಲೇಸರುಗಳಿಗೆ ಆ ರಕ್ಷಣೆ ಸಾಕು. ಅರ್ಧ ವ್ಯಾಟನ್ನು ಮೀರಿದ ನಾಲ್ಕನೆಯ ವರ್ಗದಲ್ಲಿ ಗೋಡೆಯಿಂದ ಚದುರಿ ಬಂದ ಬೆಳಕೂ ಅಪಾಯಕರ. ಅದೃಶ್ಯವಾದದ್ದು ಇನ್ನೂ ಕೇಡು: ನಿಯೋಡಿಮಿಯಂ ಲೇಸರಿನ 1064 ನ್ಯಾನೊಮೀಟರಿನ ಕಿರಣ ಕಾಣಿಸುವುದಿಲ್ಲ, ಆದರೂ ಮಸೂರವನ್ನು ದಾಟಿ ಅಕ್ಷಿಪಟಲವನ್ನು ತಲುಪುತ್ತದೆ, ಅದರ ಸ್ಪಂದಗಳು ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು ಅಲ್ಪಕಾಲದವಾಗಬಲ್ಲವಾದ್ದರಿಂದ, ರೆಪ್ಪೆ ಮುಚ್ಚುವ ಯೋಚನೆ ಹುಟ್ಟುವ ಮೊದಲೇ ಗಾಯ ಆಗಿಹೋಗಿರುತ್ತದೆ. ಅಕ್ಷಿಪಟಲದ ಸುಟ್ಟ ಭಾಗಕ್ಕೆ ಮತ್ತೆ ದೃಷ್ಟಿ ಬರುವುದಿಲ್ಲ.

2004ರ ಜುಲೈ 14ರಂದು ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ, ಬೇಸಗೆಯ ತರಬೇತಿಗೆಂದು ಬಂದಿದ್ದ ಇಪ್ಪತ್ತು ವರ್ಷದ ವಿದ್ಯಾರ್ಥಿನಿಯೊಬ್ಬಳ ಅಕ್ಷಿಪಟಲ ಹೀಗೆಯೇ ಘಾಸಿಗೊಂಡಿತು. ಅವಳಾಗಲಿ, ಜೊತೆಗಿದ್ದ ಹಿರಿಯ ವಿಜ್ಞಾನಿಯಾಗಲಿ ರಕ್ಷಣೆಯ ಕನ್ನಡಕವನ್ನು ಧರಿಸಿರಲಿಲ್ಲ. ಎರಡು ದಿನಗಳ ಬಳಿಕ, ಇದೂ ಇತರ ಲೋಪಗಳೂ ಕಾರಣವಾಗಿ ಇಡೀ ಪ್ರಯೋಗಾಲಯದ ಕೆಲಸವನ್ನು ನಿಲ್ಲಿಸಲಾಯಿತು. ವಿದ್ಯಾರ್ಥಿಯು ತನ್ನ ಗುರುವಿನ ಮೂಗಿನ ಮೇಲೆ ಕನ್ನಡಕವಿಲ್ಲದ್ದನ್ನು ಕಂಡ ಮೇಲೆ ಗೋಡೆಯ ಮೇಲಿನ ಸೂಚನೆಯನ್ನು ಓದುವುದಿಲ್ಲ. ಲೇಸರಿನ ಅವಘಡಗಳಲ್ಲಿ ಬಹುಪಾಲು ಸಂಭವಿಸುವುದು ಕನ್ನಡಿಗಳನ್ನು ತಿರುಗಿಸಿ ಕಿರಣವನ್ನು ದಾರಿಗೆ ತರುವ, ಪ್ರಯೋಗಶಾಲೆಯವರು ಅಲೈನ್‌ಮೆಂಟ್ ಎನ್ನುವ ಹೊತ್ತಿನಲ್ಲಿ. ಕಿರಣ ಸರಿಯಾಗಿ ಕಾಣಲೆಂದು ಕನ್ನಡಕವನ್ನು ತೆಗೆದಿಡುವುದೂ ಅದೇ ಹೊತ್ತಿನಲ್ಲಿ. ಮೇಜಿನ ಮಟ್ಟಕ್ಕೆ ಕಣ್ಣನ್ನು ತಾರದಿರುವುದು, ಉಂಗುರ ಗಡಿಯಾರಗಳನ್ನು ಕಳಚಿಡುವುದು, ಕಡಿಮೆ ಬಲದಲ್ಲಿ ಅಲೈನ್‌ಮೆಂಟ್ ಮುಗಿಸಿದ ಮೇಲೆ ಮಾತ್ರ ಬಲವನ್ನು ಏರಿಸುವುದು, ಕಿರಣದ ಕೊನೆಯನ್ನು ತಡೆಗಟ್ಟಿನಲ್ಲಿ ಮುಗಿಸುವುದು, ಇವು ಖರ್ಚಿಲ್ಲದ ಉಪಾಯಗಳು. ಕನ್ನಡಕಕ್ಕೆ ಖರ್ಚುಂಟು, ಅದರಲ್ಲಿಯೂ ಬೇರೆ ಬೇರೆ ತರಂಗಾಂತರಕ್ಕೆ ಬೇರೆ ಬೇರೆ ಕನ್ನಡಕ ಬೇಕು. ಹಸಿರನ್ನು ತಡೆಯುವ ಗಾಜು ಅದೃಶ್ಯ ಕಿರಣವನ್ನು ಹಾಗೆಯೇ ಒಳಗೆ ಬಿಡಬಹುದು. ಲಕ್ಷಾಂತರ ರೂಪಾಯಿಗಳ ಲೇಸರನ್ನು ಕೊಳ್ಳುವ ಪ್ರಸ್ತಾವನೆಯಲ್ಲಿ ಕನ್ನಡಕಗಳಿಗೆ ಹಣವನ್ನು ಕೇಳಲು ಸಂಕೋಚಪಡುವುದು ತೀರಾ ತಪ್ಪು.

ಇಲ್ಲಿಯೇ ನಮ್ಮ ವ್ಯವಸ್ಥೆಯ ದೊಡ್ಡ ಅಂತರವೊಂದು ಕಾಣುತ್ತದೆ. ಎಇಆರ್‌ಬಿಯ ಅಧಿಕಾರವ್ಯಾಪ್ತಿ ಅಯಾನೀಕರಿಸುವ ವಿಕಿರಣಕ್ಕೆ ಸಂಬಂಧಿಸಿದ್ದು. ಲೇಸರಿನ ಬೆಳಕು ಅದರಲ್ಲಿ ಸೇರದು. ಲೇಸರುಗಳ ವರ್ಗೀಕರಣಕ್ಕೆ ಅಂತರರಾಷ್ಟ್ರೀಯ ಮಾನಕಗಳಿವೆ, ಆದರೆ ಒಂದು ವಿಭಾಗವು ನಾಲ್ಕನೆಯ ವರ್ಗದ ಲೇಸರನ್ನು ತರಿಸಿ ಮೇಜಿನ ಮೇಲಿಟ್ಟಾಗ, ಎಕ್ಸ್-ಕಿರಣ ಯಂತ್ರಕ್ಕೆ ಆ ಮಂಡಳಿಯಿಂದ ಬೇಕಾದಂಥ ಪರವಾನಗಿ ಅದಕ್ಕೆ ಬೇಕಾಗಿಲ್ಲ. ಆದ್ದರಿಂದ ಹೊಣೆ ಪೂರ್ಣವಾಗಿ ವಿಶ್ವವಿದ್ಯಾನಿಲಯದ ಮೇಲೆಯೇ ಬೀಳುತ್ತದೆ: ತನ್ನದೇ ಸುರಕ್ಷತಾ ಸಮಿತಿ, ಲೇಸರಿಗೆ ಪ್ರತ್ಯೇಕ ಅಧಿಕಾರಿ, ಪ್ರತಿಯೊಂದು ಲೇಸರಿನ ವರ್ಗ, ತರಂಗಾಂತರ, ಸ್ಥಳಗಳನ್ನು ಬರೆದ ಪುಸ್ತಕ, ಹೊಸ ವಿದ್ಯಾರ್ಥಿಗೆ ಬೀಗದ ಕೈ ಕೊಡುವ ಮೊದಲು ಶಿಕ್ಷಣ. 2018ರ ಡಿಸೆಂಬರ್ 5ರಂದು ಭಾರತೀಯ ವಿಜ್ಞಾನ ಸಂಸ್ಥೆಯ ಆಘಾತ ತರಂಗಗಳ ಪ್ರಯೋಗಶಾಲೆಯಲ್ಲಿ ನಡೆದ ಸ್ಫೋಟದಿಂದ ಒಬ್ಬ ತರುಣ ಸಂಶೋಧಕನು ಪ್ರಾಣ ಕಳೆದುಕೊಂಡದ್ದನ್ನು ಓದುಗರು ಮರೆತಿರಲಾರರು. ಅದು ಅನಿಲದ ಅವಘಡ, ವಿಕಿರಣದ್ದಲ್ಲ. ಆದರೂ ದೇಶದ ಅತ್ಯುನ್ನತ ವಿದ್ಯಾಸಂಸ್ಥೆಯಲ್ಲಿಯೂ ಸುರಕ್ಷತೆಯು ತಾನಾಗಿಯೇ ನೆಲೆಸಿರುವುದಿಲ್ಲವೆಂಬುದನ್ನು ಅದು ನಾಡಿಗೆಲ್ಲ ತೋರಿಸಿತು.

ಸುರಕ್ಷತಾಧಿಕಾರಿಯ ಸ್ಥಾನದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬಯಸುತ್ತೇನೆ. ವಿಶ್ವವಿದ್ಯಾನಿಲಯಗಳಲ್ಲಿ ಈ ಕೆಲಸ ಪಾಠಪ್ರವಚನಗಳ ಹೊರೆಯ ಮೇಲೆ ಹೆಚ್ಚುವರಿ ಹೊಣೆಯಾಗಿ ಯಾರಾದರೂ ಕಿರಿಯ ಅಧ್ಯಾಪಕರ ಪಾಲಿಗೆ ಬರುವುದುಂಟು. ಹಿರಿಯ ಪ್ರಾಧ್ಯಾಪಕರ ಪ್ರಯೋಗವನ್ನು ನಿಲ್ಲಿಸಿರೆಂದು ಹೇಳುವ ಧೈರ್ಯವನ್ನು, ಅವರ ಕೈಯಲ್ಲಿಯೇ ತನ್ನ ಬಡ್ತಿಯ ಶಿಫಾರಸು ಇರುವಾಗ, ಆ ಕಿರಿಯರಿಂದ ಅಪೇಕ್ಷಿಸುವುದು ನ್ಯಾಯವಲ್ಲ. ಅವರು ನೇರವಾಗಿ ಕುಲಪತಿಗಳಿಗೆ ಉತ್ತರ ಹೇಳುವವರಾಗಿರಬೇಕು, ಕೆಲಸವನ್ನು ತಡೆಯುವ ಅಧಿಕಾರ ಅವರಿಗೆ ಲಿಖಿತವಾಗಿ ದೊರೆಯಬೇಕು, ಅವರು ಸ್ಥಾನ ಬಿಡುವ ಮೊದಲೇ ಮತ್ತೊಬ್ಬರು ತರಬೇತಾಗಿ ಸಿದ್ಧರಿರಬೇಕು. ನಿವೃತ್ತರಾಗುವ ಅಧ್ಯಾಪಕರು ಗ್ರಂಥಾಲಯದ ಪುಸ್ತಕಗಳನ್ನೂ ವಿಭಾಗದ ಬೀಗದ ಕೈಗಳನ್ನೂ ಒಪ್ಪಿಸಿ ಬಾಕಿ ಇಲ್ಲವೆಂಬ ಪತ್ರಕ್ಕೆ ಸಹಿ ಪಡೆಯುವುದು ಎಲ್ಲೆಡೆಯೂ ನಡೆದುಬಂದಿರುವ ಪದ್ಧತಿ. ಅದೇ ಪತ್ರದಲ್ಲಿ ಇನ್ನೊಂದು ಸಾಲನ್ನು ಸೇರಿಸಿ, ಅವರ ಹೆಸರಿನಲ್ಲಿರುವ ವಿಕಿರಣಶೀಲ ಆಕರಗಳೂ ಲೇಸರುಗಳೂ ಯಾವುವು, ಅವನ್ನು ಈಗ ವಹಿಸಿಕೊಂಡವರು ಯಾರು, ಬಳಕೆ ಮುಗಿದಿದ್ದರೆ ಮಂಡಳಿಯ ಅನುಮತಿಯೊಡನೆ ಒದಗಿಸಿದವರಿಗೆ ಅಥವಾ ಅಧಿಕೃತ ವಿಲೇವಾರಿ ಕೇಂದ್ರಕ್ಕೆ ಹಿಂದಿರುಗಿಸಿದ ದಾಖಲೆ ಎಲ್ಲಿದೆ ಎಂದು ಬರೆಯಿಸಿ, ಅದಕ್ಕೆ ಆರ್‌ಎಸ್‌ಒ ಅವರ ಸಹಿ ಬೀಳುವವರೆಗೆ ಪತ್ರವನ್ನು ಕೊಡದಿರುವ ಕ್ರಮವನ್ನು ದಾವಣಗೆರೆಯಿಂದ ಮೊದಲುಗೊಂಡು ನಮ್ಮ ಎಲ್ಲ ವಿಶ್ವವಿದ್ಯಾನಿಲಯಗಳೂ ಬರುವ ಶೈಕ್ಷಣಿಕ ವರ್ಷದಿಂದಲೇ ಜಾರಿಗೆ ತರಬಹುದು.